ತುಂಗಾತೀರದ ಐತಿಹ್ಯಗಳೂ ಶಾಂತಸಾಗರದ ದ್ವೀಪಕಥೆಗಳೂ



ಪ್ರತಿಯೊಂದು ಊರಿಗೂ ಎರಡು ಬಗೆಯ ಚರಿತ್ರೆಗಳುಂಟು. ಶಾಸನಗಳಲ್ಲಿಯೂ ಕಡತಗಳಲ್ಲಿಯೂ ಬರೆದಿಟ್ಟ ಚರಿತ್ರೆ ಒಂದು. ಹಿರಿಯರು ಕಿರಿಯರಿಗೆ ಬಾಯಿಂದ ಬಾಯಿಗೆ ಒಪ್ಪಿಸುತ್ತ ಬಂದ ಚರಿತ್ರೆ ಮತ್ತೊಂದು. ಮೊದಲನೆಯದನ್ನು ನಾವು ಇತಿಹಾಸವೆಂದು ಗೌರವಿಸುತ್ತೇವೆ. ಎರಡನೆಯದನ್ನು ಸ್ಥಳಪುರಾಣವೆಂದೋ ಐತಿಹ್ಯವೆಂದೋ ಕರೆದು, ಮುಗುಳ್ನಗೆಯೊಡನೆ ಬದಿಗಿರಿಸುತ್ತೇವೆ. ಕಾಲೇಜುಗಳಲ್ಲಿ ಓದಿದವರಿಗಂತೂ ಈ ಮುಗುಳ್ನಗೆ ಸಲೀಸಾಗಿ ಅಭ್ಯಾಸವಾಗಿಬಿಡುತ್ತದೆ. ಗ್ರೀಕರ ಪುರಾಣಗಳನ್ನು ಆದರದಿಂದ ಓದುವ ನಾವು ನಮ್ಮ ಹೊಳೆಯ ದಡದ ಕಥೆಯನ್ನು ಕೇಳುವಷ್ಟು ತಾಳ್ಮೆಯನ್ನು ತೋರುವುದಿಲ್ಲ. ಈ ಉದಾಸೀನದಿಂದ ನಮಗಾಗುವ ನಷ್ಟವೆಂತಹುದು ಎಂಬುದೇ ಈ ಹೊತ್ತಿನ ವಿಚಾರ. ಮೊದಲು ನಮ್ಮ ಶಿವಮೊಗ್ಗ ಭದ್ರಾವತಿಗಳ ಸುತ್ತಣ ಕಥೆಗಳನ್ನು ತೆಗೆದುಕೊಂಡು, ಅವುಗಳ ಪಕ್ಕದಲ್ಲಿ ಬಹು ದೂರದ ಮೈಕ್ರೋನೇಸಿಯ ದ್ವೀಪಗಳವರ ಕಥೆಗಳನ್ನಿಟ್ಟು ನೋಡೋಣ. ದೂರದವರ ಮನೆಯನ್ನು ಕಂಡು ಬಂದ ಮೇಲೆ ನಮ್ಮ ಮನೆಯ ಕಂಬ ತೊಲೆಗಳು ಚೆನ್ನಾಗಿ ಕಣ್ಣಿಗೆ ಬೀಳುವುದುಂಟಷ್ಟೆ.

ಶಿವಮೊಗ್ಗವೆಂಬ ಹೆಸರಿನಿಂದಲೇ ತೊಡಗಬಹುದು. ಇದು 'ಶಿವಮುಖ'ವೆಂಬುದರಿಂದ ಬಂದಿತೆಂದು ಕೆಲವರು ಹೇಳುತ್ತಾರೆ. ಮತ್ತೆ ಕೆಲವರು ಹೇಳುವ ಕಥೆ ಇದಕ್ಕಿಂತ ರುಚಿಯಾದುದು. ದೂರ್ವಾಸ ಮಹರ್ಷಿಗಳು ಇಲ್ಲಿ ಆಶ್ರಮ ಮಾಡಿಕೊಂಡಿದ್ದು, ಸಿಹಿಯಾದ ಗಿಡಮೂಲಿಕೆಗಳನ್ನು ಒಂದು ಮೊಗೆಯಲ್ಲಿ ಕುದಿಸುತ್ತಿದ್ದರಂತೆ. ದನಕಾಯುವ ಹುಡುಗರು ಆ ಮೊಗೆಯನ್ನು ಕಂಡು, ಒಳಗಿದ್ದುದನ್ನು ರುಚಿನೋಡಿ, ಆ ಸ್ಥಳಕ್ಕೆ 'ಸಿಹಿಮೊಗೆ'ಯೆಂದು ಹೆಸರಿಟ್ಟರಂತೆ. ಶಾಪಕ್ಕೆ ಪ್ರಸಿದ್ಧರಾದ ದೂರ್ವಾಸರ ಪಾಕದಲ್ಲಿ ಸಿಹಿಯನ್ನು ಕಂಡ ಜನರ ವಿನೋದಬುದ್ಧಿ ಮೆಚ್ಚತಕ್ಕದ್ದೇ. 2014ನೆಯ ಇಸವಿ ನವೆಂಬರ್ 1ರಂದು ಸರ್ಕಾರವು ಇಂಗ್ಲಿಷಿನ 'ಷಿಮೋಗ'ವನ್ನು ಬಿಟ್ಟು 'ಶಿವಮೊಗ್ಗ'ವೆಂಬ ರೂಪವನ್ನು ಸ್ಥಿರಪಡಿಸಿತು. ಕಾಗದಪತ್ರಗಳಲ್ಲಿ ಒಂದೇ ರೂಪ ನಿಂತಿತು. ಆದರೆ ಜನರ ಬಾಯಲ್ಲಿ ಶಿವನ ಮುಖವೂ ಉಳಿದಿದೆ, ಋಷಿಯ ಮೊಗೆಯೂ ಉಳಿದಿದೆ. ಎರಡರಲ್ಲಿ ಯಾವುದು ಸರಿಯೆಂದು ಭಾಷಾಶಾಸ್ತ್ರಜ್ಞರು ಚರ್ಚಿಸಲಿ. ಜನಪದವಂತೂ ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡುವುದಿಲ್ಲ.

ಇನ್ನು ನದಿಗಳ ಕಥೆ. ಹಿರಣ್ಯಾಕ್ಷನನ್ನು ಸಂಹರಿಸಿ ಭೂಮಿಯನ್ನು ಎತ್ತಿದ ವರಾಹಸ್ವಾಮಿ ಆಯಾಸಗೊಂಡು ಸಹ್ಯಾದ್ರಿಯ ಒಂದು ಶಿಖರದ ಮೇಲೆ ವಿಶ್ರಮಿಸಿಕೊಂಡನು. ಆತನ ಎಡದ ದಾಡೆಯಿಂದ ತುಂಗೆಯೂ ಬಲದ ದಾಡೆಯಿಂದ ಭದ್ರೆಯೂ ಕಣ್ಣಿನಿಂದ ನೇತ್ರಾವತಿಯೂ ಹರಿದುವು. ದಾಡೆಯೆನ್ನದೆ ಬೆವರೆನ್ನುವವರೂ ಇದ್ದಾರೆ. ಆ ಬೆಟ್ಟಕ್ಕೆ ವರಾಹಪರ್ವತವೆಂದೂ ನದಿಗಳ ಮೂಲಕ್ಕೆ ಗಂಗಾಮೂಲವೆಂದೂ ಹೆಸರು. ಒಂದೇ ಬೆಟ್ಟದಲ್ಲಿ ಹುಟ್ಟಿದ ತುಂಗಾಭದ್ರೆಯರು ಹುಟ್ಟಿದೊಡನೆಯೇ ಅಗಲುತ್ತಾರೆ. ಒಬ್ಬಳು ಶೃಂಗೇರಿ ತೀರ್ಥಹಳ್ಳಿಗಳನ್ನು ಹಾದು ಶಿವಮೊಗ್ಗಕ್ಕೆ ಬರುತ್ತಾಳೆ. ಮತ್ತೊಬ್ಬಳು ಬಾಳೆಹೊನ್ನೂರನ್ನು ಹಾದು ಭದ್ರಾವತಿಗೆ ಬರುತ್ತಾಳೆ. ಕೊನೆಗೆ ಕೂಡಲಿಯಲ್ಲಿ, ಸಂಗಮೇಶ್ವರನ ಸನ್ನಿಧಿಯಲ್ಲಿ, ಇಬ್ಬರೂ ಒಂದಾಗಿ ತುಂಗಭದ್ರೆಯೆನಿಸಿ ಕೃಷ್ಣೆಯನ್ನು ಸೇರಿ ಪೂರ್ವಸಮುದ್ರಕ್ಕೆ ಸಾಗುತ್ತಾರೆ. ನೇತ್ರಾವತಿಯಾದರೋ ಘಟ್ಟವನ್ನಿಳಿದು ಪಶ್ಚಿಮಸಮುದ್ರವನ್ನು ಸೇರುತ್ತಾಳೆ.

ಭೂಗೋಳಶಾಸ್ತ್ರಜ್ಞನು ಈ ಸಂಗತಿಯನ್ನು ಬೇರೆ ಮಾತುಗಳಲ್ಲಿ ಹೇಳುತ್ತಾನೆ. ಈ ಬೆಟ್ಟಸಾಲು ನೀರನ್ನು ಇಬ್ಬಗೆಯಾಗಿ ಹಂಚುವ ಏಣು. ಒಂದು ಪಾಲು ಪೂರ್ವಕ್ಕೆ, ಒಂದು ಪಾಲು ಪಶ್ಚಿಮಕ್ಕೆ. ಕಥೆ ಕಟ್ಟಿದವರ ಬಳಿ ನಕ್ಷೆಯಿರಲಿಲ್ಲ. ಆದರೂ ಬೇರೆ ಬೇರೆ ಸೀಮೆಗಳಿಗೆ ಅನ್ನ ಕೊಡುವ ಮೂರು ನದಿಗಳು ಒಂದೇ ಮೂಲದವೆಂಬುದನ್ನು ಅವರು ಅರಿತಿದ್ದರು. ಅವು ಒಂದೇ ಶರೀರದ ಅಂಗಗಳಿದ್ದಂತೆ ಎಂದು ಭಾವಿಸಿದ್ದರು. 'ತುಂಗಾ ಪಾನ, ಗಂಗಾ ಸ್ನಾನ' ಎಂಬ ಗಾದೆಯಲ್ಲಿರುವ ಅಭಿಮಾನಕ್ಕೆ ಈ ಭಾವನೆಯೇ ಬುಡ.

ದೇವರ ಅಥವಾ ದೈತ್ಯನ ಮೈಯಿಂದ ನೆಲಜಲಗಳು ಹುಟ್ಟಿದುವೆಂಬ ಕಲ್ಪನೆ ನಮ್ಮ ದೇಶದ ಸ್ವತ್ತು ಮಾತ್ರವಲ್ಲ. ಶಾಂತಸಾಗರದ ಪಶ್ಚಿಮಭಾಗದಲ್ಲಿ ಸಾವಿರಾರು ಕಿರುದ್ವೀಪಗಳು ಚೆದರಿಬಿದ್ದಿವೆ. ಇವುಗಳಿಗೆ ಮೈಕ್ರೋನೇಸಿಯವೆಂದು ಹೆಸರು. ಗ್ರೀಕ್ ಮಾತಿನಲ್ಲಿ ಚಿಕ್ಕ ದ್ವೀಪಗಳೆಂದೇ ಅದರ ಅರ್ಥ. ಮರಿಯಾನ, ಪಲಾವು, ಕ್ಯಾರೊಲೈನ್, ಮಾರ್ಷಲ್, ಗಿಲ್ಬರ್ಟ್ ಮೊದಲಾದ ದ್ವೀಪಸ್ತೋಮಗಳು ಇದರಲ್ಲಿ ಸೇರಿವೆ. ಯಾಪ್, ಚೂಕ್, ಪೋನ್‌ಪೈ, ಕೊಸ್ರೈ ಎಂಬ ನಾಲ್ಕು ರಾಜ್ಯಗಳು ಕೂಡಿ ಆದ ಮೈಕ್ರೋನೇಸಿಯ ಸಂಯುಕ್ತ ರಾಷ್ಟ್ರದಲ್ಲಿ 607 ದ್ವೀಪಗಳಿವೆ. ಅಷ್ಟೂ ಸೇರಿದರೆ ನೆಲ ಸುಮಾರು 700 ಚದರ ಕಿಲೋಮೀಟರು. ನಮ್ಮ ಶಿವಮೊಗ್ಗ ಜಿಲ್ಲೆಯ ಹನ್ನೆರಡರಲ್ಲಿ ಒಂದು ಪಾಲಿನಷ್ಟು ನೆಲ ವಿಸ್ತಾರವಾದ ಕಡಲಿನಲ್ಲಿ ಹರಡಿದೆಯೆಂದರೆ, ಅಲ್ಲಿನ ಜನಕ್ಕೆ ಒಂದೊಂದು ಬೊಗಸೆ ಮಣ್ಣೂ ಎಷ್ಟು ಅಮೂಲ್ಯವೆಂಬುದನ್ನು ಊಹಿಸಬಹುದು.

ಮರಿಯಾನ ದ್ವೀಪಗಳ ಚಮೋರೊ ಜನರು ಹೇಳುವಂತೆ, ಪುಂತಾನನೆಂಬವನೂ ಅವನ ತಂಗಿ ಫುಉನಳೂ ಲೋಕಕ್ಕೆ ಮೊದಲೇ ಇದ್ದವರು. ಪುಂತಾನನು ಸಾಯುವಾಗ ತನ್ನ ದೇಹವನ್ನು ಲೋಕದ ನಿರ್ಮಾಣಕ್ಕಾಗಿ ತಂಗಿಗೆ ಒಪ್ಪಿಸಿದನು. ಅವನ ಕಣ್ಣುಗಳು ಸೂರ್ಯಚಂದ್ರರಾದುವು, ಹುಬ್ಬುಗಳು ಕಾಮನಬಿಲ್ಲಾದುವು. ಪಲಾವು ದ್ವೀಪದವರ ಕಥೆಯಲ್ಲಿ ಉಆಬನೆಂಬ ಹುಡುಗ ಊರವರ ಆಹಾರವನ್ನೆಲ್ಲ ತಿಂದು ಬೆಳೆಬೆಳೆದು ದೈತ್ಯನಾಗುತ್ತಾನೆ. ಸಾಕಿ ಸಾಕಾಗಿ ಊರವರು ಅವನ ಸುತ್ತ ಬೆಂಕಿಯಿಟ್ಟಾಗ ಅವನ ದೇಹ ಮುರಿದುಬಿದ್ದು, ತುಂಡುಗಳೇ ಪಲಾವಿನ ದ್ವೀಪಗಳಾದುವು. ಊರನ್ನು ತಿಂದ ಶರೀರವೇ ಊರಿಗೆ ನೆಲವಾಯಿತು. ವೇದದ ಪುರುಷಸೂಕ್ತವನ್ನು ಬಲ್ಲ ನಮಗೆ ಈ ಕಥೆಗಳು ಪರಕೀಯವೆನಿಸಲಾರವು. ಆ ದ್ವೀಪಗಳವರು ನಮ್ಮಿಂದ ಕಲಿತರೆಂದಾಗಲಿ ನಾವು ಅವರಿಂದ ಕಲಿತೆವೆಂದಾಗಲಿ ಹೇಳಬೇಕಾಗಿಲ್ಲ. ಕಾಲಿನ ಕೆಳಗಿನ ನೆಲ ಪುಕ್ಕಟೆಯಾಗಿ ಬಂದುದಲ್ಲ, ಯಾರದೋ ತ್ಯಾಗದ ಅಥವಾ ಶ್ರಮದ ಫಲವದು ಎಂಬ ಕೃತಜ್ಞತೆ ಎರಡು ಕಡೆಯೂ ಒಂದೇ ಬಗೆಯ ಮಾತನ್ನು ನುಡಿಸಿದೆ.

ಶ್ರಮವೆಂದಾಗ ಪೋನ್‌ಪೈ ದ್ವೀಪದ ಕಥೆಯನ್ನು ಹೇಳಲೇಬೇಕು. ಸಪ್‌ಕಿನಿಯೆಂಬ ನಾಯಕನು ಕೆಲವು ಗಂಡಸರನ್ನೂ ಹೆಂಗಸರನ್ನೂ ದೋಣಿಯಲ್ಲಿ ಕೂರಿಸಿಕೊಂಡು ನೆಲವನ್ನರಸುತ್ತ ಹೊರಟನಂತೆ. ದಾರಿಯಲ್ಲಿ ಒಂದು ಅಷ್ಟಪದಿ ಅವರಿಗೆ ನೀರಿನೊಳಗಿನ ದಿಬ್ಬವನ್ನು ತೋರಿಸಿತು. ಅಲ್ಲಿ ಕಾಲೂರುವಷ್ಟೇ ಬಂಡೆಯಿತ್ತು. ಅವರು ಅದರ ಮೇಲೆ ಕಲ್ಲು ಪೇರಿಸಿ ವೇದಿಕೆಯನ್ನು ಕಟ್ಟಿದರು. ಪೋನ್‌ಪೈಯೆಂದರೆ ವೇದಿಕೆಯ ಮೇಲೆ ಎಂದೇ ಅರ್ಥ. ಕಟ್ಟಿದುದನ್ನು ತೆರೆಗಳು ಒಡೆದುಹಾಕತೊಡಗಿದುವು. ಆಗ ಸುತ್ತಲೂ ಹವಳದ ದಂಡೆಯನ್ನು ನಿಲ್ಲಿಸಿ, ತೀರದಲ್ಲಿ ಕಾಂಡ್ಲಗಿಡಗಳನ್ನು ಬೆಳೆಸಿ ತೆರೆಯ ಹೊಡೆತವನ್ನು ತಡೆದರು. ಕಾಂಡ್ಲದ ಬೇರುಗಳು ಕಡಲಕೊರೆತವನ್ನು ತಡೆಯುತ್ತವೆಂದು ಇಂದಿನ ವಿಜ್ಞಾನಿಗಳು ಸಾರುತ್ತಿದ್ದಾರೆ. ಅದನ್ನೇ ಪೋನ್‌ಪೈಯ ಅಜ್ಜಂದಿರು ಕಥೆಯ ನಡುವಿನಲ್ಲಿಟ್ಟು ಮೊಮ್ಮಕ್ಕಳಿಗೆ ಒಪ್ಪಿಸುತ್ತ ಬಂದರು. ಮರೆಯಬಾರದ ವಿಷಯವನ್ನು ಮರೆಯಲಾಗದ ರೀತಿಯಲ್ಲಿ ಹೇಳುವುದು ಐತಿಹ್ಯದ ಒಂದು ದೊಡ್ಡ ಕೆಲಸ.

ಐತಿಹ್ಯದ ಮತ್ತೊಂದು ಕೆಲಸ ನಡತೆಯನ್ನು ಕಲಿಸುವುದು. ಮಾರ್ಷಲ್ ದ್ವೀಪಗಳ ಒಂದು ಕಥೆಯನ್ನು ನೋಡಿರಿ. ಲಿಕ್ತಾನೂರಳೆಂಬ ತಾಯಿಯ ಮಕ್ಕಳು ದೋಣಿಯ ಪಂದ್ಯಕ್ಕೆ ಹೊರಟರು. ಗೆದ್ದವನೇ ನಾಯಕ. ಭಾರವಾದ ಗಂಟನ್ನು ಹೊತ್ತ ತಾಯಿ, ತನ್ನನ್ನೂ ಕರೆದೊಯ್ಯಬೇಕೆಂದು ಹಿರಿಯ ಮಗನಾದ ತುಮುರನನ್ನು ಬೇಡಿದಳು. ಗಂಟಿನ ಭಾರಕ್ಕೆ ಅಂಜಿ ಅವನು, 'ತಮ್ಮನೊಡನೆ ಬಾ' ಎಂದನು. ಎಲ್ಲರೂ ಹಾಗೆಯೇ ಜಾರಿಕೊಂಡರು. ಕಡೆಯವನಾದ ಜೆಬ್ರೊ ಮಾತ್ರ ತಾಯಿಯನ್ನು ಹತ್ತಿಸಿಕೊಂಡನು. ಗಂಟನ್ನು ಬಿಚ್ಚಿದರೆ ಅದರಲ್ಲಿದ್ದುದು ಹಾಯಿ! ಅದುವರೆಗೆ ಹುಟ್ಟುಹಾಕುವುದನ್ನಷ್ಟೇ ಬಲ್ಲ ಲೋಕಕ್ಕೆ ಮೊದಲ ಹಾಯಿಯನ್ನು ಕೊಟ್ಟವಳು ಆ ತಾಯಿ. ಜೆಬ್ರೊ ಗೆದ್ದು ನಾಯಕನಾದನು. ಸೋತ ತುಮುರನು ತಮ್ಮನ ಮುಖವನ್ನು ನೋಡಲೊಲ್ಲದೆ ಹೋದನು. ಆದುದರಿಂದಲೇ ಆಕಾಶದಲ್ಲಿ ಒಬ್ಬನು ಮೂಡುವಾಗ ಇನ್ನೊಬ್ಬನು ಮುಳುಗುತ್ತಾನೆ.

ಈ ಜೆಬ್ರೊ ಯಾರೆಂದರೆ ನಮ್ಮ ಪಂಚಾಂಗದ ಕೃತ್ತಿಕಾ ನಕ್ಷತ್ರ. ತುಮುರನೆಂದರೆ ನಮ್ಮ ಜ್ಯೇಷ್ಠಾ ನಕ್ಷತ್ರ. ಜ್ಯೇಷ್ಠವೆಂದರೆ ಹಿರಿಯದು, ಅಲ್ಲಿಯೂ ಅವನು ಹಿರಿಯ ಮಗ. ಕೃತ್ತಿಕೆಯರು ನಮ್ಮಲ್ಲಿ ಷಣ್ಮುಖನಿಗೆ ಹಾಲೂಡಿದ ತಾಯಂದಿರು; ಅಲ್ಲಿ ಅದು ತಾಯಿಯನ್ನು ಹೊತ್ತ ಮಗ. ಇದು ಕೇವಲ ಆಕಸ್ಮಿಕವಿರಬಹುದು. ಆದರೆ ಆಕಾಶದ ಎದುರುಬದುರಿನಲ್ಲಿರುವ ಈ ಎರಡು ಗುರುತುಗಳನ್ನು ಅಲ್ಲಿನ ನಾವಿಕ ಕಥೆಯಾಗಿ ಹೃದಯದಲ್ಲಿಟ್ಟುಕೊಂಡಿದ್ದರಿಂದ, ಋತುವನ್ನೂ ದಿಕ್ಕನ್ನೂ ತಪ್ಪದೆ ಬಲ್ಲವನಾಗಿದ್ದನು. ಜೊತೆಗೆ ತಾಯಿಯ ಭಾರವನ್ನು ಹೊತ್ತವನಿಗೇ ಗಾಳಿ ಒಲಿಯುವುದೆಂಬ ನೀತಿಯನ್ನೂ ಮರೆಯಲಿಲ್ಲ.

ತಾಯಿಮಕ್ಕಳ ಕಥೆಯೊಂದು ನಮ್ಮ ತುಂಗೆಯ ದಡದಲ್ಲಿಯೂ ಇದೆ; ಅದು ಇದಕ್ಕಿಂತ ದಾರುಣವಾದುದು. ತಂದೆಯ ಆಜ್ಞೆಯಂತೆ ತಾಯಿ ರೇಣುಕೆಯನ್ನು ಕಡಿದ ಪರಶುರಾಮನ ಕೊಡಲಿಯಲ್ಲಿ ರಕ್ತದ ಕಲೆ ಉಳಿದುಬಿಟ್ಟಿತು. ಯಾವ ತೀರ್ಥದಲ್ಲಿ ತೊಳೆದರೂ ಅದು ಹೋಗಲೊಲ್ಲದು. ಕೊನೆಗೆ ತೀರ್ಥಹಳ್ಳಿಯ ಬಳಿ ತುಂಗೆಯಲ್ಲಿ ಅದ್ದಿದಾಗ ಕಲೆ ಕಳೆಯಿತು. ಆ ಎಡೆಯೇ ಪರಶುರಾಮತೀರ್ಥ. ಎಳ್ಳಮಾವಾಸ್ಯೆಯಲ್ಲಿ ಅಲ್ಲಿ ನೆರೆಯುವ ಜಾತ್ರೆ ಪ್ರಸಿದ್ಧವಾಗಿದೆ. ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಆ ರೇಣುಕೆಯೇ ಗುಹೆಯೊಳಗಿನ ದೇವಿಯಾಗಿ ಪೂಜೆಗೊಳ್ಳುತ್ತಾಳೆ. ತಂದೆಯ ಆಜ್ಞೆಯನ್ನು ಪಾಲಿಸಿದ ಮಗನಿಗೂ ಆ ರಕ್ತದ ಹೊಣೆ ತಪ್ಪಲಿಲ್ಲವೆಂದು ಒಂದು ಕಥೆ ಹೇಳಿದರೆ, ಕೊಡಲಿಗೆ ಬಲಿಯಾದವಳೇ ಪೂಜೆಗೆ ಪಾತ್ರಳಾದಳೆಂದು ಇನ್ನೊಂದು ಹೇಳುತ್ತದೆ. ಧರ್ಮಶಾಸ್ತ್ರಗಳು ಬಿಡಿಸಲಾಗದ ಗಂಟನ್ನು ನಮ್ಮ ಜನ ಒಂದು ಹೊಳೆಗೂ ಒಂದು ಗುಹೆಗೂ ಒಪ್ಪಿಸಿ ಸಮಾಧಾನ ಪಟ್ಟರು.

ಹೀಗೆಂದ ಮಾತ್ರಕ್ಕೆ ಐತಿಹ್ಯವನ್ನೇ ಇತಿಹಾಸವೆಂದು ತಿಳಿಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಹುಂಚದ ಜಿನದತ್ತರಾಯನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಉತ್ತರದ ಮಧುರೆಯಿಂದ ಪದ್ಮಾವತೀದೇವಿಯ ವಿಗ್ರಹದೊಡನೆ ಓಡಿಬಂದ ರಾಜಕುಮಾರನು ಲಕ್ಕಿಯ ಮರದಡಿಯಲ್ಲಿ ಮಲಗಿದನು. ದೇವಿ ಅಲ್ಲಿಯೇ ನೆಲಸಿ, ವಿಗ್ರಹಕ್ಕೆ ಮುಟ್ಟಿಸಿದ ಕಬ್ಬಿಣ ಹೊನ್ನಾಗುವಂತೆ ವರವಿತ್ತಳು. ಊರು ಹೊಂಬುಚ್ಚವಾಯಿತು, ಅವನ ವಂಶ ಸಾಂತರರ ವಂಶವಾಯಿತು. ಜಿನದತ್ತನನ್ನು ವಂಶದ ಮೂಲಪುರುಷನೆಂದು 11ನೆಯ ಶತಮಾನದ ಹುಂಚದ ಶಾಸನಗಳೇ ಹೊಗಳುತ್ತವೆ. ಆದುದರಿಂದ ಸಾಂತರರು ನಿಜವಾಗಿಯೂ ಮಧುರೆಯಿಂದ ಬಂದವರೆಂದು ಸಾಧಿಸಿದಂತಾಗಲಿಲ್ಲ. ತಮ್ಮ ಮೂಲ ಅಂತಹುದೆಂದು ಹೇಳಿಕೊಳ್ಳಲು ಅವರು ಬಯಸಿದ್ದರೆಂದು ಮಾತ್ರ ತಿಳಿಯಿತು. ಅದೂ ಒಂದು ಚಾರಿತ್ರಿಕ ಸಂಗತಿಯೇ.

ಪೋನ್‌ಪೈಯಲ್ಲಿ ಇದಕ್ಕೆ ಸರಿದೊರೆಯಾದ ಕಥೆಯಿದೆ. ಅಲ್ಲಿನ ಕಡಲಂಚಿನಲ್ಲಿ ನಾನ್ ಮಡೋಲೆಂಬ ಕಲ್ಲಿನ ಪಟ್ಟಣದ ಅವಶೇಷಗಳಿವೆ. ಹವಳದ ದಿಬ್ಬದ ಮೇಲೆ ಸುಮಾರು ನೂರು ಕೃತಕದ್ವೀಪಗಳನ್ನು ಮಾಡಿ, ಕಂಬಗಳಂತಹ ಕರಿಗಲ್ಲುಗಳನ್ನು ಅಡ್ಡಡ್ಡಲಾಗಿ ಪೇರಿಸಿ ಗೋಡೆಗಳನ್ನೆಬ್ಬಿಸಿದ್ದಾರೆ. ಯುನೆಸ್ಕೋ ಸಂಸ್ಥೆ 2016ರಲ್ಲಿ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಲಿಸಿಪ, ಒಲೊಸೊಪರೆಂಬ ಮಂತ್ರವಾದಿ ಸೋದರರು ಪರಸ್ಥಳದಿಂದ ಬಂದು, ಮಂತ್ರಬಲದಿಂದ ಕಲ್ಲುಗಳನ್ನು ಹಾರಿಸಿ ಇದನ್ನು ಕಟ್ಟಿದರೆಂದು ಕಥೆ. ಅವರ ಸಂತತಿಯ ದೊರೆಗಳು ಕ್ರೂರಿಗಳಾದಾಗ ಇಸೊಕೆಲೆಕೆಲನೆಂಬ ಮತ್ತೊಬ್ಬ ಪರಸ್ಥಳದ ವೀರನು 333 ಮಂದಿಯೊಡನೆ ಬಂದು ಅವರನ್ನು ಇಳಿಸಿದನು. ಕಲ್ಲು ಹಾರಿತೆಂಬುದನ್ನು ನಂಬಬೇಕಾಗಿಲ್ಲ. ಆದರೆ ಕ್ರೂರಿಯಾದ ದೊರೆ ಉಳಿಯಲಾರನೆಂಬ ಎಚ್ಚರಿಕೆಯನ್ನು ಆ ಜನ ಆ ಕಲ್ಲುಗಳಲ್ಲಿ ಪ್ರತಿದಿನವೂ ಓದುತ್ತಿದ್ದರು. ಹೊಂಬುಚ್ಚದ ಕಬ್ಬಿಣ ಹೊನ್ನಾಯಿತೆಂಬುದೂ ಹಾಗೆಯೇ. ಕೆಮ್ಮಣ್ಣುಗುಂಡಿಯ ಅದಿರನ್ನು ತರಿಸಿ, ಕಾಡಿನ ಮರವನ್ನು ಇದ್ದಲು ಮಾಡಿ, 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿದಾಗ ಅದೇ ಮಲೆನಾಡಿನ ಕಬ್ಬಿಣ ಬಹು ಕುಟುಂಬಗಳಿಗೆ ಹೊನ್ನಾಗಿಯೇ ಪರಿಣಮಿಸಿತು.

ಈಗ ನಾವು ಈ ಭಾಷಣದ ಮುಖ್ಯಾಂಶಕ್ಕೆ ಬರಬೇಕು. ಈ ಕಥೆಗಳೆಲ್ಲವೂ ಒಂದೊಂದು ಎಡೆಗೆ ಅಂಟಿಕೊಂಡಿವೆ. ಈ ಬಂಡೆ, ಈ ಮಡು, ಈ ಗುಹೆಯೆಂದು ಬೆರಳಿಟ್ಟು ತೋರಿಸುವಂತಿದ್ದರೇ ಅವಕ್ಕೆ ಜೀವ. ಆ ಎಡೆಯೇ ಇಲ್ಲವಾದರೆ ಏನು ಗತಿ?

ಸೀತೆಯ ಬಾಯಾರಿಕೆಯನ್ನು ತಣಿಸಲು ರಾಮನು ಬಾಣವನ್ನು ನೆಲಕ್ಕೆ ಹೊಡೆದನೆಂದೂ, ಅಲ್ಲಿ ಚಿಮ್ಮಿದ ನೀರೇ ಶರಾವತಿಯೆಂದೂ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದ ಕಥೆ ಹೇಳುತ್ತದೆ. ಆ ಶರಾವತಿಗೆ 1948ರಲ್ಲಿ ಹಿರೇಭಾಸ್ಕರದ ಅಣೆಕಟ್ಟಾಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟಾಯಿತು. ನಾಡಿಗೆಲ್ಲ ಬೆಳಕು ಬಂದಿತು. ಕಣಿವೆಯ ಊರುಗಳು ನೀರಿನೊಳಗಾದುವು. ಬಾಯಾರಿದವಳಿಗಾಗಿ ಹುಟ್ಟಿದ ನೀರು ಮನೆಯಂಗಳವನ್ನೇ ನುಂಗಿತು. ಒಕ್ಕಲುಗಳು ಎದ್ದು ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಲ್ಲಿ ನೆಲಸಿದುವು. ಹೊಸ ನೆಲದ ಹಕ್ಕುಪತ್ರಕ್ಕಾಗಿ ಆ ಮನೆತನಗಳು ತಲೆಮಾರುಗಳವರೆಗೆ ಅಲೆಯಬೇಕಾಯಿತು. ಕಳೆದುಹೋದ ಹೊಲಕ್ಕೆ ಪರಿಹಾರದ ಲೆಕ್ಕ ಬರೆದವರುಂಟು. ಆದರೆ ಹೊಲದ ಬದುವಿನ ಭೂತನ ಕಲ್ಲಿಗೂ, ಬನದ ಚೌಡಿಗೂ, ಮಡುವಿನ ಕಥೆಗೂ ಲೆಕ್ಕದ ಕಾಗದದಲ್ಲಿ ಅಂಕಣವಿರಲಿಲ್ಲ.

ಕೆಲವು ದೈವಗಳು ಜನರೊಡನೆ ಎದ್ದುಬಂದುವು. ಮೊದಲು ಬೇರೆಡೆ ಇದ್ದ ಚೌಡೇಶ್ವರಿ ನೀರೇರಿದಾಗ ಸಿಗಂದೂರಿನ ಎತ್ತರಕ್ಕೆ ಬಂದಳೆಂದು ಭಕ್ತರು ಹೇಳುತ್ತಾರೆ. ಬಹುಕಾಲ ಆ ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕಾಗಿತ್ತು. 2025ರ ಜುಲೈ ತಿಂಗಳಿನಲ್ಲಿ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ತೆರೆಯಿತು. ನೀರಿನಡಿಯಲ್ಲಿ ಮನೆಯ ಅಡಿಪಾಯವಿದ್ದವರ ಮೊಮ್ಮಕ್ಕಳು ಈಗ ಆ ನೀರಿನ ಮೇಲೆ ಹಾದುಹೋಗಬಹುದು. ಅಡಿಯಲ್ಲಿ ಏನಿತ್ತೆಂದು ಹೇಳುವ ಹಿರಿಯರು ಮಾತ್ರ ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ.

ಮೈಕ್ರೋನೇಸಿಯದಲ್ಲಿ ಇದಕ್ಕಿಂತ ಘೋರವಾದುದು ನಡೆಯಿತು. 1946ರಲ್ಲಿ ಅಮೆರಿಕದವರು ಅಣುಬಾಂಬಿನ ಪರೀಕ್ಷೆಗಾಗಿ ಬಿಕಿನಿ ದ್ವೀಪದ 167 ಮಂದಿಯನ್ನು ಎಬ್ಬಿಸಿ ರೊಂಗೆರಿಕ್ ಎಂಬ ನಿರ್ಜನದ್ವೀಪಕ್ಕೆ ಸಾಗಿಸಿದರು. ಅಲ್ಲಿ ದುಷ್ಟಶಕ್ತಿಗಳಿವೆಯೆಂದೂ ಅದು ವಾಸಕ್ಕೆ ತಕ್ಕುದಲ್ಲವೆಂದೂ ಹಿಂದಿನಿಂದ ಬಂದ ಕಥೆಯಿತ್ತು. ಅಧಿಕಾರಿಗಳ ಕಣ್ಣಿಗೆ ಅದು ಮೂಢನಂಬಿಕೆ. ಹೋಗಿ ನೆಲಸಿದವರಿಗೆ ಅಲ್ಲಿನ ಬೆಳೆ ಸಾಲಲಿಲ್ಲ. ಕೆಲವು ಮೀನುಗಳು ವಿಷವಾಗಿದ್ದುವು. ಎರಡು ವರ್ಷಗಳೊಳಗೆ ಜನ ಹಸಿವಿನಿಂದ ಸೊರಗಿದರು. 1948ರಲ್ಲಿ ಅವರನ್ನು ಮತ್ತೆ ಎಬ್ಬಿಸಿ ಕಿಲಿ ದ್ವೀಪಕ್ಕೆ ಒಯ್ಯಬೇಕಾಯಿತು. ದೆವ್ವದ ಮಾತಿನಲ್ಲಿ ಹಿರಿಯರು ಕಾಪಾಡಿಟ್ಟಿದ್ದ ಅನುಭವವನ್ನು ಕೇಳುವ ಕಿವಿಯಿದ್ದಿದ್ದರೆ ಆ ಸಂಕಟದ ಒಂದು ಪಾಲಾದರೂ ತಪ್ಪುತ್ತಿತ್ತು. ನಾವು ಮೊದಲು ಹೇಳಿದ ಮುಗುಳ್ನಗೆಯ ಬೆಲೆ ಕೆಲವು ವೇಳೆ ಇಷ್ಟು ದೊಡ್ಡದಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಪರದೇಶದ ವಿದ್ವಾಂಸರು ಉಪಕಾರ ಮಾಡಿಲ್ಲವೆಂದಲ್ಲ. 1908ರಿಂದ 1910ರವರೆಗೆ ಜರ್ಮನಿಯ ಹ್ಯಾಂಬರ್ಗಿನ ಪಂಡಿತರು ಆ ದ್ವೀಪಗಳ ಕಥೆಗಳನ್ನು ಸಂಗ್ರಹಿಸಿದರು. ನಮ್ಮಲ್ಲಿಯೂ ರೈಸ್ ಸಾಹೇಬರು ಈ ಜಿಲ್ಲೆಯ ಶಾಸನಗಳನ್ನು 1902ರಲ್ಲಿಯೂ 1904ರಲ್ಲಿಯೂ ಎರಡು ಸಂಪುಟಗಳಾಗಿ ಅಚ್ಚುಹಾಕಿಸಿದರು. ಆದರೆ ಪೋನ್‌ಪೈಯಲ್ಲಿ ಲುಎಲೆನ್ ಬರ್ನಾರ್ಟನೆಂಬ ಅಲ್ಲಿಯವನೇ ಒಬ್ಬನು 1934ರಲ್ಲಿ ತೊಡಗಿ, 1946ರಲ್ಲಿ ತೀರಿಕೊಳ್ಳುವವರೆಗೆ, ತನ್ನ ನಾಡಿನ ಕಥೆಗಳನ್ನು ತನ್ನ ಭಾಷೆಯಲ್ಲಿಯೇ ಬರೆದಿಟ್ಟನು. ಅದರ ಇಂಗ್ಲಿಷ್ ಅನುವಾದ 1977ರಲ್ಲಿ ಪ್ರಕಟವಾಯಿತು. ಹೊರಗಿನವನು ಕೇಳಿ ಬರೆದುದಕ್ಕೂ ಮನೆಯವನು ನೆನೆದು ಬರೆದುದಕ್ಕೂ ಇರುವ ಅಂತರವನ್ನು ಬೇರೆ ಹೇಳಬೇಕಾಗಿಲ್ಲ.

ಅಂತಹ ಕೆಲಸ ನಮ್ಮ ಊರುಗಳಲ್ಲಿಯೂ ಆಗಬೇಕು. ವಿದ್ಯಾನಗರದಲ್ಲಿ 1940ರಲ್ಲಿ ತೊಡಗಿದ ಸಹ್ಯಾದ್ರಿ ಕಾಲೇಜಿದೆ. ಮಲೆನಾಡಿನ ನಾನಾ ಮೂಲೆಗಳಿಂದ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ರಜಕ್ಕೆ ಊರಿಗೆ ಹೋದಾಗ ಅವರೊಬ್ಬೊಬ್ಬರೂ ಅಜ್ಜಿಯ ಬಾಯಿಂದ ಒಂದೊಂದು ಕಥೆಯನ್ನು ಬರೆದುಕೊಂಡರೆ ಸಾಕು. ಬರೆಯುವಾಗ ಅಜ್ಜಿಯ ಮಾತನ್ನು ತಿದ್ದಬಾರದು; ದಾಡೆಯೆಂದವರ ಕಥೆಯನ್ನೂ ಬೆವರೆಂದವರ ಕಥೆಯನ್ನೂ ಬೇರೆಬೇರೆಯಾಗಿಯೇ ಇಡಬೇಕು. ಯಾವ ಬಂಡೆ, ಯಾವ ಹಳ್ಳ, ಯಾರ ಹೊಲವೆಂಬುದನ್ನು ತಪ್ಪದೆ ಗುರುತುಹಾಕಬೇಕು. ಮುಳುಗಿದ ಊರಾದರೆ ಅದರ ಹೆಸರನ್ನು ಮೊದಲು ಬರೆಯಬೇಕು.

ವರಾಹನು ಮುಳುಗಿದ ಭೂಮಿಯನ್ನು ದಾಡೆಯಲ್ಲಿ ಎತ್ತಿದನೆಂದು ಪುರಾಣವುಂಟು. ಮುಳುಗಿದ ಊರುಗಳನ್ನು ಎತ್ತುವ ಶಕ್ತಿ ನಮಗಿಲ್ಲ. ಅವುಗಳ ಕಥೆಗಳನ್ನಾದರೂ ಎತ್ತಿ ದಡಕ್ಕೆ ತರುವುದು ಒಂದು ಲೇಖನಿಯಿಂದ, ಒಂದು ದಿಸ್ತು ಕಾಗದದಿಂದ ಆಗುವ ಕೆಲಸ. ಹೇಳುವವರು ಇನ್ನೂ ಇರುವಾಗಲೇ ಅದಕ್ಕೆ ಕೈಹಾಕೋಣ.